ನಾಲ್ಕು ಛಲೋ ಮಾತಿಗೆ ಎರಡು ವರ್ಷದ ಓದು ಯಾಕೆ?

ಪ್ರಶ್ನೆ: ಮೇಡಂ, ನಾನು ಕಲಬುರಗಿಯಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಅಪ್ಪನದು ಒಂದೇ ಮಾತು: "ಕಷ್ಟದಾಗ ಇದ್ದವರಿಗಿ ನಾಕ್ ಛಲೋ ಮಾತ್ ಹೇಳ್ಲಾಕ ಎರಡ್ ವರ್ಷ ಓದ್ಬೇಕೇನು? ಶರಣಬಸವೇಶ್ವರರು ದಾಸೋಹ ಮಾಡ್ಲಾಕ ಯಾವ ಡಿಗ್ರಿ ತಗೊಂಡಿದ್ರು?" ನನಗೆ ಉತ್ತರ ಹೊಳೆಯುವುದಿಲ್ಲ. ಸೋಷಿಯಲ್ ಕೇಸ್‌ವರ್ಕ್, ಅಂದರೆ ಕಷ್ಟದಲ್ಲಿರುವ ಒಬ್ಬೊಬ್ಬರ ಪರಿಸ್ಥಿತಿ ವಿಚಾರಿಸಿ ನೆರವಾಗುವ ಕೆಲಸ, ಒಂದು ವೃತ್ತಿ ಆಗಿದ್ದು ಹೇಗೆ? ನೋಟ್ಸ್‌ನಲ್ಲಿ ಬರೀ ಇಸವಿ, ಹೆಸರುಗಳಷ್ಟೇ ಇವೆ.
— ಒಬ್ಬ ವಿದ್ಯಾರ್ಥಿನಿ, ಸುರಪುರ

ಉತ್ತರ: ನಿಮ್ಮ ಅಪ್ಪ ಸರಿಯಾಗಿಯೇ ಕೇಳಿದ್ದಾರೆ ತಂಗಿ. ದಾಸೋಹಕ್ಕೆ ಡಿಗ್ರಿ ಬೇಕಿಲ್ಲ. ಪಂಕ್ತಿಯಲ್ಲಿ ಕೂತವನನ್ನು "ನೀ ಯಾರು, ಎಷ್ಟು ದುಡೀತಿ" ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಕೇಸ್‌ವರ್ಕ್ ಶುರುವಾಗಿದ್ದೇ ಹಾಗೆ ಕೇಳುವುದರಿಂದ. ಅದೂ ಅನುಮಾನದಿಂದ.

1869ರಲ್ಲಿ ಲಂಡನ್‌ನಲ್ಲಿ ಚಾರಿಟಿ ಆರ್ಗನೈಸೇಷನ್ ಸೊಸೈಟಿ ಹುಟ್ಟಿತು. ಒಬ್ಬನೇ ಮನುಷ್ಯ ನಾಲ್ಕು ಕಡೆ ಕೈ ಚಾಚುತ್ತಾನೆ ಅನ್ನುವುದು ದಾನಿಗಳ ತಕರಾರು. ಸರಿ, ಮನೆಗೆ ಹೋಗಿ ವಿಚಾರಿಸಿ, ಬರೆದಿಟ್ಟು, ಆಮೇಲೆ ಕೊಡೋಣ ಅಂದರು. 1877ರಲ್ಲಿ ಅಮೆರಿಕದ ಬಫೆಲೊ ನಗರದಲ್ಲೂ ಇಂಥದ್ದೇ ಸೊಸೈಟಿ ಬಂತು. ಹೀಗೆ ಮನೆಗೆ ಹೋಗುತ್ತಿದ್ದವರಿಗೆ 'ಫ್ರೆಂಡ್ಲಿ ವಿಸಿಟರ್' ಅಂತ ಹೆಸರು. ಹೆಚ್ಚಿನವರು ಉಳ್ಳವರ ಮನೆಯ ಹೆಂಗಸರು, ಸಂಬಳ ಇಲ್ಲ. ಬಡವರಿಗೆ ರೊಕ್ಕಕ್ಕಿಂತ ಬುದ್ಧಿಮಾತು ಬೇಕು ಅಂತ ನಂಬಿದ್ದರು. ನಿಮ್ಮ ಅಪ್ಪ ಹೇಳುವ ನಾಲ್ಕು ಛಲೋ ಮಾತು ಇದೇ ಅಲ್ವಾ? ಅದನ್ನು ವರ್ಷಗಟ್ಟಲೆ ಹೇಳಿ ನೋಡಿದರು. 1893ರಲ್ಲಿ ಅಮೆರಿಕದಲ್ಲಿ ಬ್ಯಾಂಕು ಮುಳುಗಿ, ಕಾರ್ಖಾನೆ ಬಾಗಿಲು ಹಾಕಿದಾಗ ಆ ಮಾತು ಉಪಯೋಗಕ್ಕೆ ಬರಲಿಲ್ಲ. ಕೆಲಸವೇ ಇಲ್ಲದವನಿಗೆ "ಮೈಬಗ್ಗಿಸಿ ದುಡಿ" ಅಂದರೆ ಏನು ದುಡಿಯುತ್ತಾನೆ?

ಇಲ್ಲಿ ಮೇರಿ ರಿಚ್ಮಂಡ್ ಬರುತ್ತಾರೆ. ನೋಟ್ಸ್‌ನಲ್ಲಿ ಈ ಹೆಸರು ನೀವು ನೂರು ಸಲ ನೋಡಿರಬೇಕು. ಅಜ್ಜಿಯ ಹತ್ತಿರ ಬೆಳೆದ ತಬ್ಬಲಿ ಹುಡುಗಿ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ (ಇದನ್ನು ಅಪ್ಪನಿಗೆ ಹೇಳಬೇಡಿ!). 1889ರಲ್ಲಿ ಬಾಲ್ಟಿಮೋರ್‌ನ ಸೊಸೈಟಿಯಲ್ಲಿ ಲೆಕ್ಕಪತ್ರ ನೋಡುವ ಸಹಾಯಕಿಯಾಗಿ ಸೇರಿದರು. ಒಳ್ಳೆ ಮನಸ್ಸಿದ್ದರೆ ಸಾಲದು, ಈ ಕೆಲಸ ಕಲಿಸಲು ಶಾಲೆ ಬೇಕು ಅಂತ 1897ರಲ್ಲಿ ಎದ್ದು ನಿಂತು ಹೇಳಿದರು. ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ಆರು ವಾರಗಳ ಬೇಸಿಗೆ ತರಬೇತಿ ಶುರುವಾಯಿತು. ನಿಮ್ಮ ಎಂಎಸ್‌ಡಬ್ಲ್ಯೂ ಬೀಜ ಅಲ್ಲಿದೆ.

ಆದರೂ 1915ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅನ್ನುವ ಶಿಕ್ಷಣ ತಜ್ಞರು ಸಮಾಜ ಕಾರ್ಯಕರ್ತರ ಸಮ್ಮೇಳನದಲ್ಲೇ ನಿಂತು, ಇದು ಇನ್ನೂ ವೃತ್ತಿ ಆಗಿಲ್ಲ, ನಿಮಗೆ ಅಂತ ಸ್ವಂತ ವಿದ್ಯೆ ಎಲ್ಲಿದೆ ಅಂದರು. ನಿಮ್ಮ ಅಪ್ಪನ ಪ್ರಶ್ನೆಯೇ, ಇಂಗ್ಲಿಷಿನಲ್ಲಿ. ಎರಡು ವರ್ಷಕ್ಕೆ, 1917ರಲ್ಲಿ, ರಿಚ್ಮಂಡ್ ಅವರ 'ಸೋಷಿಯಲ್ ಡಯಾಗ್ನೋಸಿಸ್' ಬಂತು. ಯಾರನ್ನು ಕೇಳಬೇಕು, ಯಾರ ಮಾತನ್ನು ಎಷ್ಟು ನಂಬಬೇಕು, ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನ ಜೊತೆ ಹೇಗೆ ತಾಳೆ ನೋಡಬೇಕು ಅನ್ನುವುದೇ ಪುಸ್ತಕದ ತುಂಬ. "ಇವನಿಗೆ ಕೊಡಬಹುದಾ?" ಅನ್ನುವ ಪ್ರಶ್ನೆ ಹಿಂದೆ ಸರಿದು, "ಇವನಿಗೆ ಏನಾಗಿದೆ?" ಅನ್ನುವುದು ಮುಂದೆ ಬಂತು. ನನ್ನ ಲೆಕ್ಕದಲ್ಲಿ ಕೇಸ್‌ವರ್ಕ್ ವೃತ್ತಿ ಆಗಿದ್ದು ಆ ಗಳಿಗೆಯಲ್ಲಿ.

ಅಷ್ಟರಲ್ಲಿ ಆಸ್ಪತ್ರೆಗಳಿಗೂ ಈ ಪ್ರಶ್ನೆ ತಟ್ಟಿತ್ತು. 1905ರಲ್ಲಿ ಬೋಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಸಮಾಜ ಕಾರ್ಯಕರ್ತೆಯನ್ನು ನೇಮಿಸಿದರು. ಕೂಲಿ ಬಿಟ್ಟರೆ ಗತಿಯಿಲ್ಲದವನಿಗೆ ವಿಶ್ರಾಂತಿ ತಗೋ ಅಂತ ಚೀಟಿ ಬರೆದು ಏನು ಲಾಭ ಅಂತ ಅವರಿಗೆ ಅನ್ನಿಸಿತ್ತು. ಮುಂದೆ ಮೊದಲ ಮಹಾಯುದ್ಧ, ಆಘಾತಕ್ಕೊಳಗಾದ ಸೈನಿಕರು, ಮನೋವಿಶ್ಲೇಷಣೆಯ ಫ್ರಾಯ್ಡ್ ಪ್ರಭಾವ. ಎಲ್ಲರೂ ಮನಸ್ಸಿನೊಳಗೇ ಇಣುಕುತ್ತ, ಮನೆಯ ಬಾಡಿಗೆ ಮರೆತರು ಅನ್ನೋದು ನನ್ನ ಆಕ್ಷೇಪ. 1930ರ ದಶಕದ ಡಯಾಗ್ನೋಸ್ಟಿಕ್ (ಕಾರಣ ಪತ್ತೆ ಮಾಡಿ ಚಿಕಿತ್ಸೆ ಕೊಡಬೇಕು ಅನ್ನುವವರು)–ಫಂಕ್ಷನಲ್ (ಸಂಸ್ಥೆಯ ನೆರವು ಬಳಸಿ ಅವರೇ ಬದಲಾಗಲಿ ಅನ್ನುವವರು) ಪಂಥಗಳ ಜಗಳ ಪರೀಕ್ಷೆಗೆ ಓದಿಕೊಳ್ಳಿ, ಸಾಕು. 1957ರಲ್ಲಿ ಹೆಲೆನ್ ಪರ್ಲ್‌ಮನ್ ವ್ಯಕ್ತಿ, ಸಮಸ್ಯೆ, ಸ್ಥಳ (ನೆರವು ಕೊಡುವ ಸಂಸ್ಥೆ), ಪ್ರಕ್ರಿಯೆ ಅಂತ ನಾಲ್ಕು ಎಳೆ ಹಿಡಿದು ಆ ಗಂಟು ಸಡಿಲ ಮಾಡಿದರು. ನಮ್ಮಲ್ಲಿ 1936ರಲ್ಲಿ ಮುಂಬೈಯಲ್ಲಿ ಸಮಾಜಕಾರ್ಯ ಕಲಿಸುವ ಟಾಟಾ ಅವರ ಶಾಲೆ ಶುರುವಾಯಿತು, ಈಗಿನ ಟಿಸ್ (ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್). 1946ರಲ್ಲಿ ಅದೇ ಊರಿನ ಜೆ.ಜೆ. ಆಸ್ಪತ್ರೆಗೆ ಸಮಾಜ ಕಾರ್ಯಕರ್ತರು ಬಂದರು.

ಇನ್ನು ಅಪ್ಪನಿಗೆ ಹೇಳಲಿಕ್ಕೆ ಒಂದು ಸಂಗತಿ. ನಾನು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಗ ಯಾದಗಿರಿ ಕಡೆಯ ಒಬ್ಬ ಸೊಸೆ ಟಿಬಿ ಗುಳಗಿ ಅರ್ಧಕ್ಕೇ ಬಿಟ್ಟಿದ್ದಳು. ಆರು ತಿಂಗಳ ಔಷಧಿ, ಒಂದು ತಿಂಗಳೂ ಮುಗಿದಿರಲಿಲ್ಲ. ಫೈಲಿನಲ್ಲಿ 'ಸಹಕರಿಸುತ್ತಿಲ್ಲ' ಅಂತ ಬರೆದಾಗಿತ್ತು. ಮನೆಗೆ ಹೋದೆ. ಅತ್ತೆಯ ಎದುರು ಅವಳು ಬಾಯಿ ಬಿಡಲಿಲ್ಲ. ನಾನೂ ಬುದ್ಧಿ ಹೇಳಲಿಲ್ಲ, ಸುಮ್ನೆ ಕೂತೆ. ನೀರು ತರುವ ನೆಪದಲ್ಲಿ ಹೊರಗೆ ಬಂದವಳ ಹಿಂದೆ ನಡೆದೆ. "ಗುಳಗಿ ತಗೊಂಡ್ರ ಮೂತ್ರದಾಗ ರಕ್ತ ಬರ್ತದ್ರೀ ಬಾಯಾರ" ಅಂದಳು. ರಕ್ತ ಅಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್ ಔಷಧಿ ತಗೊಂಡರೆ ಮೂತ್ರ ಕೆಂಪಗೆ ಆಗೋದು ಸಹಜ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡ ಗುಳೆ ಹೋಗಿದ್ದ, ಕೇಳೋಣ ಅಂದರೆ ಮನೆಯಲ್ಲಿ ಯಾರನ್ನು ಕೇಳಬೇಕು?

ಅತ್ತೆಯನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದೆ. ಮರುದಿನವೇ ಇಬ್ಬರೂ ಡಾಕ್ಟರ ಹತ್ತಿರ ಬಂದರು, ಗುಳಗಿ ಮತ್ತೆ ಶುರುವಾಯಿತು. ಮುಂದಿನ ಸಲ ಮನೆಗೆ ಹೋದಾಗ ಅತ್ತೆ ಕೇಳಿದ್ದು: "ಹಿಂಗ್ ಕುಂತ್ ಮಾತಾಡ್ಲಾಕ ನಿಮಗ್ ಪಗಾರ ಕೊಡ್ತಾರೇನ್ರೀ?"

ಕೊಡ್ತಾರೆ ಅಂದೆ. ಎಷ್ಟು ಅಂತಲೂ ಕೇಳಿದಳು. ಹೇಳಿದೆ. ಒಂದು ಗಳಿಗೆ ನನ್ನ ಮುಖ ನೋಡಿ, ಎದ್ದು ಹೋಗಿ ಚಹಾಕ್ಕೆ ಇಟ್ಟಳು.