ಒಲಿಂಪಿಕ್ಸ್ ಮುಗಿದ ಮೇಲೆ ದಾನಿಗಳು ಸುಮ್ಮನಾಗಿದ್ದಕ್ಕೆ

ಒಲಿಂಪಿಕ್ಸ್ ವರ್ಷ ನಿಮ್ಮ ತಂಗಿಯ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ (ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ದೂರ ಸಾಗುವ ಆಟ) ಹಣ ಕೊಟ್ಟವರು ಈಗ ಉತ್ತರವನ್ನೇ ಕೊಡುತ್ತಿಲ್ಲ ಅಂದಿರಿ. ಬಹುಶಃ ನೀವು ಆಗ ಆ ಒಂದು ಕ್ರೀಡಾಕೂಟಕ್ಕೆ ಅಂತ ಕೇಳಿದ್ದೇ ಕಾರಣ. ಕೂಟ ಮುಗಿಯಿತು, ಅವರ ಲೆಕ್ಕವೂ ಮುಗಿಯಿತು.

ಮೊದಲು ಹೊಸದಾಗಿ ಏನೂ ಕೇಳಬೇಡಿ. ಕೊಟ್ಟ ಹಣ ಏನಾಯಿತು ಅಂತ ಒಂದು ಪುಟ ಬರೆದು ಕಳಿಸಿ. ನಾನು ಒಬ್ಬ ಸ್ಕೀಯರ್ ಪರವಾಗಿ ಬರೆದಾಗ ಜಾಸ್ತಿ ಉತ್ತರ ತಂದದ್ದು ರೇಸಿನ ಫೋಟೋ ಅಲ್ಲ, ಬೇಸಿಗೆಯಲ್ಲಿ ಡಾಂಬರು ರಸ್ತೆ ಮೇಲೆ ಓಡಿ ಒಂದು ಕಡೆ ಸವೆದುಹೋದ ರೋಲರ್ ಸ್ಕೀ (ಹಿಮ ಇಲ್ಲದಾಗ ಅಭ್ಯಾಸಕ್ಕೆ ಬಳಸುವ, ಚಕ್ರ ಇರುವ ಸ್ಕೀ) ಚಕ್ರದ ಫೋಟೋ. ಹಿಮದ ಆಟಗಾರರು ತಯಾರಾಗುವುದೇ ಬೇಸಿಗೆಯಲ್ಲಿ ಅಂತ ತುಂಬ ಜನಕ್ಕೆ ಗೊತ್ತಿರುವುದಿಲ್ಲ ಅಲ್ವಾ?

ಆಮೇಲೆ ವರ್ಷದ ಖರ್ಚನ್ನು ತಿಂಗಳಿಗೆ ಒಡೆಯಿರಿ: ಕೋಚ್, ಶಿಬಿರ, ಫಿಸಿಯೋ, ಪ್ರಯಾಣ. ಸ್ಕೀ ಬಗ್ಗೆ ಮಾತ್ರ ಬಿಡಿಸಿ ಹೇಳಿ. ಒದ್ದೆ ಹಿಮಕ್ಕೆ ಒಂದು ಜೋಡಿ, ಒಣ ಹಿಮಕ್ಕೆ ಇನ್ನೊಂದು. 2023–24ರ ಋತುವಿನಿಂದ ಫಿಸ್ (ಅಂತರರಾಷ್ಟ್ರೀಯ ಸ್ಕೀ ಸಂಸ್ಥೆ) ರೇಸ್‌ಗಳಲ್ಲಿ, ಸ್ಕೀ ಚೆನ್ನಾಗಿ ಜಾರಲಿ ಅಂತ ತಳಕ್ಕೆ ಹಚ್ಚುತ್ತಿದ್ದ ಫ್ಲೋರಿನ್ ಮೇಣ ನಿಷೇಧವಾಗಿದೆ. ಹಾಗಾಗಿ ಸ್ಕೀ ತಳದ ಸ್ಟೋನ್ ಗ್ರೈಂಡ್ ಕೆಲಸಕ್ಕೆ (ಕಲ್ಲಿನ ಚಕ್ರದಿಂದ ತಳಕ್ಕೆ ಸಣ್ಣ ಗೆರೆ ಕೊರೆಯುವುದು) ಇನ್ನೂ ಬೆಲೆ ಬಂದಿದೆ. ಇದನ್ನು ಓದಿದವರಿಗೆ ಹಣ ಎಲ್ಲಿ ಹೋಗುತ್ತದೆ ಅಂತ ಕಣ್ಣಿಗೆ ಕಾಣುತ್ತದೆ.

ಕೇಳುವಾಗ ದೊಡ್ಡ ಮೊತ್ತ ಬೇಡ. ಮುಂದಿನ ಋತು ಮುಗಿಯುವವರೆಗೆ ಪ್ರತಿ ತಿಂಗಳು ಸಣ್ಣ ಮೊತ್ತ ಕೇಳಿ. ಎಲ್ಲರೂ ವಾಪಸ್ ಬರುತ್ತಾರೆ ಅಂತ ಹೇಳಲಾರೆ.

ತೆರಿಗೆ ವಿನಾಯಿತಿ ಬೇಕೆಂದವರ ಹಣ ಸುಮ್ನೆ ತಂಗಿಯ ಖಾತೆಗೆ ಹಾಕಿಸಬೇಡಿ. ಹಲವು ದೇಶಗಳಲ್ಲಿ ಅದು ನೋಂದಾಯಿತ ಸಂಸ್ಥೆಯ ಮೂಲಕವೇ ಬರಬೇಕು. ಹೆಸರು ಹಾಕಿಸಿ ಅನ್ನುವವರಿಗೆ ಮಾತು ಕೊಡುವ ಮುಂಚೆ ಬಟ್ಟೆ, ಟೋಪಿ ಮೇಲಿನ ಲೋಗೋ ಅಳತೆಯ ಫಿಸ್ ನಿಯಮ ನೋಡಿಕೊಳ್ಳಿ.

ಮೊದಲ ಪತ್ರ ಈ ವಾರವೇ ಹೋಗಲಿ. ಮೂರು ವಾರ ಬಿಟ್ಟು ಒಬ್ಬೊಬ್ಬರಿಗೂ ಫೋನ್ ಮಾಡಿ.