ಬೇಸಿಗೆಯಲ್ಲಿ ಅಣಬೆ ಬೀಜ ತರಿಸೋದು: ಐಸ್ ಡಬಲ್ ಮಾಡಿದ್ರೆ ಸರಿ ಹೋಗಲ್ಲ

ಸಿಂಧನೂರಿನ ಸರ್, ಗುಂಪಿನಲ್ಲಿ ಹಾಕಿದ ನಿಮ್ಮ ಫೋಟೊ ನೋಡಿದೆ. 10 ಕೆಜಿ ಚಿಪ್ಪು ಅಣಬೆ ಬೀಜ (ಅಂದ್ರೆ ಬೇಯಿಸಿದ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ), ಬೆಂಗಳೂರಿಂದ ಶುಕ್ರವಾರ ಕೊರಿಯರ್‌ಗೆ ಹಾಕಿದ್ದು ಸೋಮವಾರ ಕೈಗೆ ಬಂದಿದೆ. ಕವರ್ ಒಳಗೆ ನೀರು, ತಳದ ಕಾಳೆಲ್ಲ ಲೋಳೆ. ಅದಕ್ಕೆ "ಮುಂದಿನ ಸಲ ಐಸ್ ಡಬಲ್ ಹಾಕಿ, ಗಟ್ಟಿ ಟೇಪ್ ಸುತ್ತಿಸ್ತೀನಿ" ಅಂತ ಬರೆದಿದ್ದೀರಿ. ದಯವಿಟ್ಟು ಎರಡೂ ಬೇಡ. ಇದೇ ತಪ್ಪು ನಾನೂ ಮಾಡಿದ್ದೇನೆ, ದುಡ್ಡೂ ಹೋಗಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಬಿಸಿಲು ಹೊರಗಿಂದ ಒಳಗೆ ಹೋಗಿ ಬೀಜ ಕೆಡ್ತು ಅಂದ್ಕೊಂಡಿದ್ದೀರಿ. ಅದು ಅರ್ಧ ಸತ್ಯ. ಬೀಜ ಜೀವಂತ ಸರ್, ಉಸಿರಾಡುತ್ತೆ, ತಾನೇ ಶಾಖ ಬಿಡುತ್ತೆ. ಕವರ್‌ಗಳನ್ನ ಒಂದರ ಮೇಲೊಂದು ಒತ್ತಿ ಇಟ್ಟು, ಥರ್ಮೋಕೋಲ್ ಮುಚ್ಚಿ, ಸುತ್ತ ಟೇಪ್ ಹಾಕಿದ್ರೆ ಆ ಶಾಖ ಎಲ್ಲಿಗೆ ಹೋಗಬೇಕು? ಐಸ್ ಕರಗೋವರೆಗೆ ತಣ್ಣಗಿರುತ್ತೆ, ಕರಗಿದ ಮೇಲೆ ಅದೇ ಪೆಟ್ಟಿಗೆ ಹಾಟ್‌ಬಾಕ್ಸ್. ನಟ್ಟನಡುವಿನ ಕವರ್ ಎಲ್ಲಕ್ಕಿಂತ ಮೊದಲು ಸಾಯೋದು ಅದಕ್ಕೇ. 40 ಡಿಗ್ರಿಯಲ್ಲಿ ಒಂದೆರಡು ದಿನ ಇದ್ರೆ ಭತ್ತದ ಹುಲ್ಲಿನ ಅಣಬೆ ಬಿಟ್ಟು ಉಳಿದವುಗಳ ಬೀಜ ಬದುಕೋ ಆಸೆ ಬಿಡಿ.

ಇನ್ನು ಐಸ್ ಲೆಕ್ಕ. 1 ಕೆಜಿ ಐಸ್ ಕರಗುವಾಗ ಎಳ್ಕೊಳ್ಳೋದು 80 ಕಿಲೋಕ್ಯಾಲರಿ. 10 ಕೆಜಿ ಬೀಜವನ್ನ 30 ಡಿಗ್ರಿಯಿಂದ 18ಕ್ಕೆ ಇಳಿಸೋದಕ್ಕೇ ಹೆಚ್ಚುಕಡಿಮೆ ಅಷ್ಟು ಬೇಕು. ಅಂದ್ರೆ ಬೀಜ ಮಾಡೋ ಲ್ಯಾಬ್‌ನವರು ಬೆಚ್ಚಗಿನ ಬೀಜ ಪ್ಯಾಕ್ ಮಾಡಿದ್ರೆ, ನೀವು ದುಡ್ಡು ಕೊಟ್ಟ ಐಸ್ ಊರು ದಾಟೋ ಮೊದಲೇ ಖಾಲಿ. ಐಸ್ ಇರೋದು ತಂಪನ್ನ ಕಾಯೋಕೆ, ತಂಪು ಮಾಡೋಕಲ್ಲ. ಆರ್ಡರ್ ಕೊಡುವಾಗ ಒಂದೇ ಮಾತು ಹೇಳಿ: "ಹಿಂದಿನ ರಾತ್ರಿ ಕವರ್‌ಗಳನ್ನ ಬಿಡಿಬಿಡಿಯಾಗಿ ತಣ್ಣಗೆ ಮಾಡಿ, ಆಮೇಲೆ ಪ್ಯಾಕ್ ಮಾಡಿ." ಚಿಪ್ಪು ಅಣಬೆಯಲ್ಲಿ ಫ್ಲೋರಿಡಾ, ಸಜೋರ್ ಕಾಜು ಜಾತಿ ಆದ್ರೆ ಫ್ರಿಜ್ ನಡೆಯುತ್ತೆ. ಗುಲಾಬಿ ಚಿಪ್ಪು ಅಣಬೆಗೆ ಫ್ರಿಜ್ ಬೇಡವೇ ಬೇಡ, ಚಳಿಗೇ ಸಾಯುತ್ತೆ. ಹಾಲು ಅಣಬೆ, ಹುಲ್ಲಿನ ಅಣಬೆಗೂ ಎಸಿ ರೂಮಿನ ತಂಪು ಸಾಕು. ಗುಂಪಿನಲ್ಲಿ "ಎಲ್ಲಾ ಬೀಜಾನೂ 4 ಡಿಗ್ರಿಯಲ್ಲಿಡಿ" ಅಂತ ಹೇಳೋರು ಇದನ್ನ ಸ್ವಲ್ಪ ಓದಿ.

ಪ್ಯಾಕಿಂಗ್ ಹೀಗೆ ಮಾಡಿಸಿ. ಅರ್ಧ ಲೀಟರ್ ನೀರಿನ ಬಾಟಲಿ 3, ಪ್ರತಿಯೊಂದಕ್ಕೂ 400 ಮಿಲೀನಷ್ಟೇ ನೀರು (ಗಟ್ಟಿಯಾದಾಗ ಉಬ್ಬುತ್ತೆ, ತುಂಬಿಸಿದ್ರೆ ಒಡೆಯುತ್ತೆ), ಒಂದು ದಿನ ಪೂರ್ತಿ ಫ್ರೀಜರ್. ನೀರಿಗೆ ಉಪ್ಪು ಹಾಕಿ ಅಂತ ಗುಂಪಿನಲ್ಲಿ ಒಬ್ಬರು ಹೇಳಿದ್ದಾರೆ. ಬೇಡ, ಉಪ್ಪುನೀರು ಸೊನ್ನೆಗಿಂತ ಕೆಳಗೆ ಹೋಗುತ್ತೆ, ಪಕ್ಕದ ಕಾಳು ಹೆಪ್ಪುಗಟ್ಟುತ್ತೆ. ಬಾಟಲಿಗೆ ಪೇಪರ್ 5-6 ಸುತ್ತು. ಬೀಜದ ಕವರ್‌ಗಳು ನೆಟ್ಟಗೆ ನಿಂತಿರಲಿ, ಬಾಯಿಗೆ ತುರುಕಿರೋ ಹತ್ತಿ ಮೇಲ್ಮುಖವಾಗಿ, ನಡುನಡುವೆ ಮುದ್ದೆ ಮಾಡಿದ ಪೇಪರ್. ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಬಾಟಲಿ. ತಣ್ಣನೆ ಗಾಳಿ ಕೆಳಗಿಳಿಯುತ್ತೆ, ಹಾಗಾಗಿ ಐಸ್ ಯಾವತ್ತೂ ಮೇಲೆ. ಉಸಿರಿಗೆ ಪೆಟ್ಟಿಗೆಯ ಪಕ್ಕದ ಗೋಡೆಯಲ್ಲಿ, ಮೇಲುಭಾಗದಲ್ಲಿ ಪೆನ್ಸಿಲ್ ಗಾತ್ರದ ತೂತು 4. ತಳದಲ್ಲಿ ತೂತು ಮಾಡಿದ್ರೆ ತಂಪೆಲ್ಲ ಸೋರಿ ಹೋಗುತ್ತೆ.

ಹತ್ತಿ ಒದ್ದೆಯಾಗಬಾರದು. ನಿಮ್ಮ ಬೀಜ ಕೆಡೋಕೆ ಬಿಸಿಗಿಂತ ಇದೇ ಕಾರಣ ಅಂತ ನನ್ನ ಅನುಮಾನ, ಫೋಟೊದಲ್ಲಿ ಕವರ್ ಎಲ್ಲ ಅಡ್ಡ ಮಲಗಿವೆ. ಬಿಡಿ ಐಸ್ ಕವರ್‌ಗೆ ತಾಗಿದ್ರೆ ಒಳಗೆ ಬೆವರು ಕಟ್ಟುತ್ತೆ, ನೀರು ತಳಕ್ಕಿಳಿಯುತ್ತೆ, ಕಾಳು ನೆನೆಯುತ್ತೆ, ಬ್ಯಾಕ್ಟೀರಿಯಾ ಹತ್ತುತ್ತೆ. ಆ ಹುಳಿ ವಾಸನೆ, ಲೋಳೆ ಅದರದ್ದೇ. ಹತ್ತಿ ನೆಂದ್ರೆ ಅದರ ಮೂಲಕವೇ ಹಸಿರು ಬೂಷ್ಟು ಒಳಗೆ. ಇನ್ನೊಂದು, ಕವರ್ ಮಧ್ಯೆ ಒಣಹುಲ್ಲು ತುರುಕಿ ಕಳಿಸೋ ಪುಣ್ಯಾತ್ಮರಿದ್ದಾರೆ. ಹುಲ್ಲಿನ ತುಂಬ ಬೂಷ್ಟಿನ ಬೀಜಕಣ, ಬೇರೆ ಏನೂ ಸಿಗಲಿಲ್ವಾ?

ಪೆಟ್ಟಿಗೆಗೆ ದುಡ್ಡು ಸುರೀಬೇಡಿ. ಮಿಲ್ಟನ್, ಸೆಲ್ಲೋ ಐಸ್ ಬಾಕ್ಸ್ ಚೆನ್ನಾಗೇ ಇರುತ್ತೆ, ಆದ್ರೆ ಬಸ್ಸಲ್ಲಿ ಹೋದದ್ದು ವಾಪಸ್ ಬರಬೇಕಲ್ಲ. ಮೆಡಿಕಲ್ ಶಾಪ್‌ನಲ್ಲಿ ಇನ್ಸುಲಿನ್ ಬರೋ ಥರ್ಮೋಕೋಲ್ ಪೆಟ್ಟಿಗೆ ಬಿಸಾಡ್ತಾರೆ, ಜೆಲ್ ಪ್ಯಾಕ್ ಸಮೇತ. ಕೇಳಿದ್ರೆ ಕೊಡ್ತಾರೆ. ಮೀನಿನ ಪೆಟ್ಟಿಗೆ ಮಾತ್ರ ಬೇಡ, ಎಷ್ಟು ತೊಳೆದ್ರೂ ಕೊಳಕು ಹೋಗಲ್ಲ.

ಶುಕ್ರವಾರ ಕೊರಿಯರ್‌ಗೆ ಹಾಕೋದು ಅಂದ್ರೆ ಭಾನುವಾರ ಗೋಡೌನಿನ ಶೀಟಿನ ಕೆಳಗೆ ಬೇಯಿಸೋದು ಅಂತಲೇ ಅರ್ಥ. ಸೋಮವಾರದಿಂದ ಬುಧವಾರದೊಳಗೆ, ರಾತ್ರಿ ಹೊರಟು ಬೆಳಿಗ್ಗೆ ಮುಟ್ಟೋ ಬಸ್ಸಿನ ಪಾರ್ಸಲ್, ಬೆಳಗ್ಗೆ ನೀವೇ ಸ್ಟ್ಯಾಂಡಿಗೆ ಹೋಗಿ ಇಳಿಸ್ಕೊಳ್ಳಿ. ಹಿಂದೆ ಇಂಜಿನ್ ಇರೋ ಬಸ್ಸಾದ್ರೆ ಹಿಂದಿನ ಡಿಕ್ಕಿಗೆ ಹಾಕಬೇಡಿ ಅಂತ ಕ್ಲೀನರ್‌ಗೆ ಹೇಳಿಸಿ. ಹೆಸರಘಟ್ಟದ ಐಐಎಚ್‌ಆರ್‌ನಿಂದ (ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ) ತರೋದಾದ್ರೆ ಮೊದಲೇ ವಿಚಾರಿಸಿ ಬುಕ್ ಮಾಡಿ, ಸ್ವಂತ ಗಾಡಿಯಲ್ಲಿ ಸೀಟಿನ ಮೇಲಿಟ್ಟು ತನ್ನಿ.

ಬಂದ ತಕ್ಷಣ ಬಿಸಿ ಪೆಟ್ಟಿಗೇನ ಹಾಗೇ ಫ್ರಿಜ್ಜಿಗೆ ತಳ್ಳಬೇಡಿ, ಮತ್ತೆ ಬೆವರುತ್ತೆ. ನೆರಳಲ್ಲಿ ಒಂದೇ ಸಾಲಾಗಿ ಹರಡಿ 2-3 ಗಂಟೆ ಬಿಡಿ. ಅನುಮಾನ ಇದ್ರೆ, ಕುದಿಸಿ ಆರಿಸಿದ ನೀರಲ್ಲಿ ಟಿಶ್ಯೂ ಒದ್ದೆ ಮಾಡಿ ಹಿಂಡಿ, ಸ್ಟೀಲ್ ಡಬ್ಬಿಯಲ್ಲಿ ಹಾಸಿ, ಪ್ರತಿ ಕವರಿಂದ 10-15 ಕಾಳು ಇಡಿ. 2 ದಿನದಲ್ಲಿ ಹೊಸ ಬಿಳಿ ಎಳೆ ಹೊರಟ್ರೆ ಜೀವ ಇದೆ. 3ನೇ ದಿನಕ್ಕೂ ಸುಮ್ಮನಿದ್ರೆ ಆ ಕವರ್ ಬಿಡಿ. "ಬೀಜ ಜಾಸ್ತಿ ಹಾಕಿ ಸರಿದೂಗಿಸ್ತೀನಿ" ಅನ್ನಬೇಡಿ, ಸತ್ತ ಕಾಳು ಬೂಷ್ಟಿಗೆ ಊಟ ಅಷ್ಟೇ.

ಮತ್ತೆ ಅಣಬೆ ಬೆಳೆಸೋಕೆ ಬೇಯಿಸಿದ ಹುಲ್ಲು 30 ಡಿಗ್ರಿಗಿಂತ ಕೆಳಗಿಳಿಯದೆ ಬೆಡ್ (ಹುಲ್ಲು, ಬೀಜ ತುಂಬಿದ ಚೀಲ) ಕಟ್ಟಬೇಡಿ. ಬೇಸಿಗೆಯಲ್ಲಿ ಹೊರಗೆ ತಣ್ಣಗೆ ಅನ್ಸಿದ್ರೂ ರಾಶಿಯ ಒಳಗೆ ಕೈಯಿಟ್ಟು ನೋಡಿ. ಮುಷ್ಟಿಯಲ್ಲಿ ಹಿಂಡಿದ್ರೆ ಕೈ ಒದ್ದೆಯಾಗಬೇಕು, ನೀರು ಹರೀಬಾರದು. ನಿಜ ಹೇಳಬೇಕಂದ್ರೆ ನಿಮ್ಮ ಕಡೆ ಏಪ್ರಿಲ್-ಮೇನಲ್ಲಿ ಫ್ಲೋರಿಡಾ ಹಠ ಯಾಕೆ? 30-35 ಡಿಗ್ರಿಗೆ ಹಾಲು ಅಣಬೆನೇ ಸರಿ. ಮಣ್ಣಿನ ಹೊದಿಕೆ ಕೆಲಸ ಒಂದು ಜಾಸ್ತಿ, ಆದ್ರೆ ಬಿಸಿಲಿನ ಜೊತೆ ಗುದ್ದಾಟ ಇರಲ್ಲ.

ಈಗ ಇರೋ ಲೋಳೆ ಕವರ್‌ಗಳನ್ನ ಶೆಡ್ ಒಳಗೆ ಬಿಚ್ಚಬೇಡಿ. ಬಾಯಿ ಕಟ್ಟಿದ ಹಾಗೇ ಹೊಲದಾಚೆ ಒಯ್ದು, ಅಲ್ಲಿ ಬಿಚ್ಚಿ ಕಾಳನ್ನ ಗುಂಡಿಯಲ್ಲಿ ಮುಚ್ಚಿ. ಕೈಕಾಲು ತೊಳೆದು ಬಟ್ಟೆ ಬದಲಾಯಿಸಿ, ಆಮೇಲೆ ಅಣಬೆ ಬೆಡ್ ಇಟ್ಟಿರೋ ಕೋಣೆಗೆ ಕಾಲಿಡಿ.