ಶಾಲೆಯ ಪಾಡ್‌ಕಾಸ್ಟ್: ಮೈಕಿಗಿಂತ ಮೊದಲು ಪ್ರಶ್ನೆ

ನಮಸ್ಕಾರ ಮೇಡಂ. ಸುರಪುರ ತಾಲ್ಲೂಕಿನ ನಿಮ್ಮ ಶಾಲೆಯಲ್ಲಿ ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಂದ ಪಾಡ್‌ಕಾಸ್ಟ್ ಮಾಡಿಸಲು ಯಾವ ಮೈಕ್ ಕೊಳ್ಳಬೇಕು, ಪೌರನೀತಿಯ ಯಾವ ಪಾಠದಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಚಿತ್ತಾಪುರದ ಕಡೆಯ ನಮ್ಮ ಪ್ರೌಢಶಾಲೆಯಲ್ಲಿ ಮೂರು ವರ್ಷಗಳಿಂದ ಇದನ್ನು ನಡೆಸುತ್ತಿರುವುದರಿಂದ ತುಸು ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಮೈಕ್ ಸದ್ಯಕ್ಕೆ ಬೇಡ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ ಓರೆಯಾಗಿ ಹಿಡಿದರೆ ಸಾಕು. ನಮ್ಮ ಭಾಗದ ಶಾಲೆಗಳಲ್ಲಿ ನಿಜವಾದ ತೊಡಕು ಶಹಾಬಾದ್ ಫರ್ಸಿಯ, ಅಂದರೆ ಹಾಸುಗಲ್ಲಿನ ನೆಲ ಮತ್ತು ಬರಿಗೋಡೆ. ಮನೆಯಿಂದ ಎರಡು ಕೌದಿ ತರಿಸಿ, ಒಂದನ್ನು ಹಾಸಿ, ಇನ್ನೊಂದನ್ನು ಮಾತನಾಡುವ ಮಗುವಿನ ಎದುರಿಗೆ ತೂಗುಬಿಟ್ಟರೆ ಪ್ರತಿಧ್ವನಿ ಬಹಳಷ್ಟು ತಗ್ಗುತ್ತದೆ. ಸಂಕಲನಕ್ಕೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಕಂಪ್ಯೂಟರ್ ತಂತ್ರಾಂಶ ಸಾಕು. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಮೊನೊದಲ್ಲಿ, ಅಂದರೆ ಒಂದೇ ಚಾನೆಲ್‌ನಲ್ಲಿ ಉಳಿಸಿದರೆ ಎಂಟು ನಿಮಿಷದ ಕಂತಿನ ಕಡತ ಸುಮಾರು 4 ಎಂಬಿಯಷ್ಟೇ ಆಗುತ್ತದೆ.

ಹೆಚ್ಚು ಯೋಚಿಸಬೇಕಾದದ್ದು ವಿಷಯದ ಬಗ್ಗೆ. ಪಾಠದಿಂದ ಆರಂಭಿಸಬೇಡಿ ಎಂದೇ ನನ್ನ ಸಲಹೆ. ಮೊದಲ ವರ್ಷ ನಾವು ಸಂವಿಧಾನದ 371ಜೆ ವಿಧಿಯ ಮೇಲೆ, ಅಂದರೆ ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಶಿಕ್ಷಣ, ನೌಕರಿಗಳಲ್ಲಿ ಮೀಸಲಾತಿಗೆ ಅವಕಾಶ ಕೊಡುವ ವಿಧಿಯ ಮೇಲೆ ಕಂತು ಮಾಡಿದೆವು. ಮಕ್ಕಳು ಪುಸ್ತಕದ ಸಾಲುಗಳನ್ನು ತಪ್ಪಿಲ್ಲದೆ ಓದಿದರು, ಆದರೆ ಕೇಳಿದವರಲ್ಲಿ ಒಬ್ಬರೂ ಮರುಮಾತನಾಡಲಿಲ್ಲ. ಆಮೇಲೆ ಒಬ್ಬ ಹುಡುಗಿ, ‘ನಮ್ಮ ಓಣಿಗೆ ನಳ ಬಂದಿದೆ, ನೀರು ಮಾತ್ರ ನಾಲ್ಕು ದಿನಕ್ಕೊಮ್ಮೆ ಬರುವುದು ಯಾಕೆ?’ ಎಂದು ಕೇಳಿದಳು. ಆ ಪ್ರಶ್ನೆಯನ್ನೇ ಹಿಡಿದು ಹೊರಟಾಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾರು, ವಾರ್ಡ್ ಸಭೆ ಎಂದರೇನು, ಪಂಚಾಯಿತಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೆಲ್ಲ ಮಕ್ಕಳೇ ಹುಡುಕಿಕೊಂಡು ಹೋದರು. 371ಜೆ ಕೂಡ ಆ ವರ್ಷ ಮರಳಿ ಬಂತು, ಒಬ್ಬ ಹುಡುಗನ ಅಣ್ಣ ನೌಕರಿಯ ಅರ್ಜಿಗಾಗಿ ಅದರ ಪ್ರಮಾಣಪತ್ರ ಮಾಡಿಸಿದ ಅನುಭವವಾಗಿ.

ನೀರಿನ ಕಂತಿನಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಓಣಿಯವರ ಮಾತನ್ನಷ್ಟೇ ಧ್ವನಿಮುದ್ರಿಸಿ, ನೀರು ಬಿಡುವವರದೇ ಅಲಕ್ಷ್ಯ ಎಂಬ ಅರ್ಥ ಬರುವಂತೆ ಕೇಳಿಸಿಬಿಟ್ಟೆವು. ವೋಲ್ಟೇಜ್ ಏರುಪೇರಾಗಿ ಬೋರ್‌ವೆಲ್ ಮೋಟಾರು ಸುಟ್ಟಿತ್ತೆಂದು ಆಮೇಲೆ ತಿಳಿಯಿತು. ನೀರು ಬಿಡುವ ಆ ಹಿರಿಯರು ಬಹಳ ನೊಂದುಕೊಂಡಿದ್ದರು. ಮಕ್ಕಳು ಅವರ ಮನೆಗೆ ಹೋಗಿ ಮಾತನಾಡಿಸಿ, ಮುಂದಿನ ಕಂತಿನ ಆರಂಭದಲ್ಲೇ ತಿದ್ದುಪಡಿ ಹೇಳಿದರು. ಅಂದಿನಿಂದ, ಯಾರ ಮೇಲೆ ದೂರಿದೆಯೋ ಅವರನ್ನು ಕೇಳದೆ ನಾವು ಕಂತು ಹೊರಬಿಡುವುದಿಲ್ಲ.

ಮಕ್ಕಳು ಮನೆಯ ಮಾತಿನಲ್ಲೇ ಮಾತನಾಡಲಿ, ದಯವಿಟ್ಟು ತಿದ್ದಬೇಡಿ. ತಾಂಡಾದ ಅಜ್ಜಿ ಲಂಬಾಣಿಯಲ್ಲಿ ಹೇಳಿದರೆ ಅವರ ಧ್ವನಿಯನ್ನು ಹಾಗೆಯೇ ಕೇಳಿಸಿ, ಸಾರಾಂಶವನ್ನು ಮೊಮ್ಮಗಳೇ ಕನ್ನಡದಲ್ಲಿ ಹೇಳಲಿ.

ಪಾಲಕರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮಗುವಿನ ಪೂರ್ತಿ ಹೆಸರು, ವಿಳಾಸ ಬೇಡ. ಮಾತಿನ ನಡುವೆ ಬಾಲ್ಯವಿವಾಹದಂಥ ಸಂಗತಿ ಹೊರಬಂದರೆ ಧ್ವನಿಮುದ್ರಣ ನಿಲ್ಲಿಸಿ, ಅದನ್ನು ಕಂತಾಗಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಸಿದ್ಧವಾದ ಕಂತನ್ನು ಬೆಳಗಿನ ಪ್ರಾರ್ಥನೆಯ ನಂತರ ಕೇಳಿಸಿದರಷ್ಟೇ ಸಾಲದು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೂ ಮಕ್ಕಳ ಗ್ರಾಮಸಭೆಯಲ್ಲೂ ಕೇಳಿಸಿ, ಅಲ್ಲಿ ಬಂದ ಉತ್ತರವನ್ನು ಮುಂದಿನ ಕಂತಿಗೆ ಸೇರಿಸಿ. ಡಿಸೆಂಬರ್‌ನಲ್ಲಿ ತೊಗರಿ ರಾಶಿ ಶುರುವಾದರೆ ಹಾಜರಾತಿ ಕುಸಿಯುವುದು ನಿಮಗೂ ಗೊತ್ತಿದೆ. ಆದ್ದರಿಂದ ಓಣಿ ಸುತ್ತುವ ಕೆಲಸವನ್ನು ದಸರಾ ರಜೆಗೆ ಮೊದಲೇ ಮುಗಿಸಿಕೊಳ್ಳಿ.